ಲಿಯೋನಾ ಪೆಲ್ಕಿ ಸೋತದ್ದು ಯಾಕೆ

ಲಿಯೋನಾ ಪೆಲ್ಕಿಯನ್ನು ಸೋಲಿಸಿದ್ದು ಬಂದೂಕು ಎಂದು ಪತ್ರಿಕೆಯವರು ಬರೆದರು. ಪೇಟೆಯಲ್ಲಿ ಕೂತು ಹಳ್ಳಿಯ ಮತ ಅಳೆಯುವವರಿಗೆ ಅದಕ್ಕಿಂತ ಹೆಚ್ಚೇನು ಹೊಳೆಯುತ್ತದೆ? ಬಂದೂಕಿನ ಮೇಲೆ ಕಾನೂನು ತಂದಳು, ಹಳ್ಳಿಯವರು ಮನೆಗೆ ಕಳಿಸಿದರು, ಮುಗಿಯಿತು. ನಮ್ಮ ಆಲ್ಡರ್ ಮಿಲ್ಸ್‌ನಲ್ಲಿ ಹುಟ್ಟಿದ ಯಾರನ್ನು ಕೇಳಿದ್ದರೂ ಅದು ಹಾಗಲ್ಲ ಎಂದು ತಲೆಯಾಡಿಸುತ್ತಿದ್ದರು. ಹಾಗಾದರೆ ಹೇಗೆ ಎಂದು ಕೇಳಿದ್ದರೆ ಮಾತ್ರ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಬಾಯಿ ಬಿಡದಿರುವುದೇ ನಮ್ಮೂರಿನ ಮೊದಲ ಕಸುಬು. ಆಲೂಗಡ್ಡೆ ಬೆಳೆಯುವುದು, ಮರ ಕಡಿಯುವುದು ಎಲ್ಲ ಆಮೇಲಿನದು.

ಲಿಯೋನಾಗೆ ಆಗ ಅರವತ್ತೊಂದು. ಅಪ್ಪನಿಂದ ಬಂದ ಅಂಗಡಿ ನಡೆಸುತ್ತಿದ್ದಳು. ಹಾಲು, ಮೊಳೆ, ಗಂಬೂಟು, ಕೆಂಪು ಸಾಸೇಜು, ಗಾಳಕ್ಕೆ ಹುಳ, ತೋಟಾ, ಮತ್ತು ಗೋಡೆಗೆ ಆನಿಸಿದ ಗಾಜಿನ ಬೀರುವಿನಲ್ಲಿ ಎಂಟೋ ಹತ್ತೋ ಬಂದೂಕು. ನಡುವೆ ಸೌದೆಯ ಒಲೆ, ಅದರ ಸುತ್ತ ನಾಲ್ಕು ಕುರ್ಚಿ. ಗಂಡ ರೊಸೇರ್, "ಇನ್ನೊಂದು ಚಳಿಗಾಲ ನನ್ ಕೈಲಾಗಲ್ಲ ಕಣೇ" ಎಂದು ಫ್ಲೋರಿಡಾಕ್ಕೆ ಹೋದವನು ಹನ್ನೆರಡು ವರ್ಷದಿಂದ ಪ್ರತಿ ಕ್ರಿಸ್‌ಮಸ್‌ಗೆ ಒಂದು ಪೆಟ್ಟಿಗೆ ಕಿತ್ತಳೆ ಕಳಿಸುತ್ತಾನೆ, ತಾನು ಮಾತ್ರ ಬರುವುದಿಲ್ಲ. ಲಿಯೋನಾ ಆ ಕಿತ್ತಳೆಯನ್ನು ಅಂಗಡಿಯಲ್ಲಿಟ್ಟು ಮಾರುತ್ತಾಳೆ. ರೊಸೇರ್ ಸಿಹಿಯಾಗಿದ್ದಾನಾ ಈ ವರ್ಷ ಎಂದು ಜನ ಕೇಳುತ್ತಾರೆ, ಅವಳೂ ನಗುತ್ತಾಳೆ.

ಅಮೆರಿಕದ ಮೇನ್ ರಾಜ್ಯದ ಶಾಸನಸಭೆಗೆ ಹೋಗುವುದೆಂದರೆ ನಮ್ಮಲ್ಲಿ ದೊಡ್ಡಸ್ತಿಕೆಯೇನಲ್ಲ. ಚಳಿಗಾಲದಲ್ಲಿ ಅಂಗಡಿಗೆ ಗಿರಾಕಿ ಕಡಿಮೆ, ರಾಜಧಾನಿ ಅಗಸ್ಟಾಕ್ಕೆ ಎರಡೂವರೆ ಗಂಟೆಯ ದಾರಿ, ಬೇರೆ ಯಾರೂ ನಿಲ್ಲಲು ತಯಾರಿರಲಿಲ್ಲ, ಇವಳು ನಿಂತಳು. ಮೂರು ಸಲ ಗೆದ್ದಳು. ಸೇತುವೆ ರಿಪೇರಿ ಮಾಡಿಸಿದಳು, ಹಿಮ ಕರಗಿಸಲು ರಸ್ತೆಗೆ ಉಪ್ಪು ತರಿಸಿದಳು. ಜನ ಮತ ಹಾಕಿದ್ದು ಸೇತುವೆಗೂ ಅಲ್ಲ, ಪಕ್ಷಕ್ಕೂ ಅಲ್ಲ. ಅವಳ ಕೌಂಟರಿನ ಮೇಲೆ ಮೊಣಕೈ ಊರಿ ಹೇಳಿಕೊಂಡ ಮಾತು ಇನ್ನೊಂದು ಕಿವಿಗೆ ಹೋಗುವುದಿಲ್ಲ ಎಂಬ ನಂಬಿಕೆಗೆ. ಯಾರ ಮಗಳು ಬಸುರಿ, ಯಾರ ಗಂಡ ಮತ್ತೆ ಕುಡಿಯಲು ಶುರುಮಾಡಿದ, ಯಾರಿಗೆ ಹೊಟ್ಟೆಯಲ್ಲಿ ಗಡ್ಡೆ, ಎಲ್ಲ ಅವಳಿಗೆ ಗೊತ್ತಿತ್ತು. ಎಲ್ಲವನ್ನೂ ಹೊಟ್ಟೆಯಲ್ಲಿ ಹಾಕಿಕೊಂಡು ಕಾಫಿ ಬಗ್ಗಿಸುತ್ತಿದ್ದಳು.

ನಮ್ಮಲ್ಲೊಂದು ಪದ್ಧತಿ ಇದೆ. ಗಂಡಸೊಬ್ಬನ ಮನಸ್ಸು ಕುಸಿಯಿತು ಎಂದುಕೊಳ್ಳಿ. ಹೆಂಡತಿ ಬಿಟ್ಟುಹೋದಳು, ಗಿರಣಿ ಮುಚ್ಚಿತು, ಇಲ್ಲವೇ ಕಾರಣವೇ ಇಲ್ಲದೆ ಕುಸಿಯಿತು. ಆಗ ಅಣ್ಣನೋ ತಮ್ಮನೋ ಗೆಳೆಯನೋ ಒಂದು ಮಧ್ಯಾಹ್ನ ಬಂದು ಕಾಫಿ ಕುಡಿದು, ಏಳುವಾಗ, "ನಿನ್ ಬಂದೂಕುಗಳಿಗೆ ಎಣ್ಣೆ ಹಾಕಿ ಕೊಡ್ತೀನಿ, ಕೊಡು" ಎನ್ನುತ್ತಾನೆ. ಎಣ್ಣೆ ಹಾಕಲು ಹತ್ತು ನಿಮಿಷ ಸಾಕೆಂದು ಇಬ್ಬರಿಗೂ ಗೊತ್ತು. ಅವನು ಕೊಡುತ್ತಾನೆ, ಇವನು ಒಯ್ಯುತ್ತಾನೆ. ತಿಂಗಳುಗಟ್ಟಲೆ ಎಣ್ಣೆ ಹಾಕುವ ಕೆಲಸ ನಡೆಯುತ್ತಲೇ ಇರುತ್ತದೆ. ಮನಸ್ಸು ಮತ್ತೆ ಎದ್ದಿತೆಂದು ಕಂಡ ದಿನ ಬಂದೂಕು ವಾಪಸು ಬರುತ್ತವೆ. ಒಬ್ಬರೂ ಒಂದು ಮಾತೂ ಆಡುವುದಿಲ್ಲ. ಎಷ್ಟೋ ಜೀವ ಹೀಗೆ ಉಳಿದಿವೆ, ಮತ್ತು ಯಾರದು ಎಂದು ಯಾರಿಗೂ ಗೊತ್ತಿಲ್ಲ.

ಗೇಲನ್ ಹಸ್ಕಿನ್ಸ್ ತನ್ನ ತಮ್ಮ ವೆಂಡೆಲ್‌ಗೆ ಮಾಡಿದ್ದೂ ಇದನ್ನೇ. ಗೇಲನ್ ಊರಿನ ರಸ್ತೆಯಲ್ಲಿ ಹಿಮ ತಳ್ಳುವ ಲಾರಿ ಓಡಿಸುವವನು. ವೆಂಡೆಲ್ ಮರ ಕೊಯ್ಯುವ ಯಂತ್ರ, ದೋಣಿಯ ಮೋಟಾರು ರಿಪೇರಿ ಮಾಡುತ್ತಿದ್ದ, ನಲವತ್ನಾಲ್ಕರ ನಗೆಮುಖದವನು. ಅವನ ಹೆಂಡತಿ ಬಿಟ್ಟುಹೋದ ಚಳಿಗಾಲದಲ್ಲಿ ಗೇಲನ್ ಅವನ ಐದು ಬಂದೂಕನ್ನೂ ಎಣ್ಣೆ ಹಾಕಲು ಮನೆಗೆ ಒಯ್ದ. ಎಂಬತ್ತು ದಾಟಿದ ತಾಯಿ ವರ್ನಾಗೂ ಹೇಳಲಿಲ್ಲ. ಲಿಯೋನಾಗಂತೂ ಯಾಕೆ ಹೇಳುತ್ತಾನೆ?

ಮಾರ್ಚ್ ತಿಂಗಳ ಒಂದು ಗುರುವಾರ, ರಸ್ತೆಯೆಲ್ಲ ಕೆಸರಾಗಿದ್ದಾಗ, ವೆಂಡೆಲ್ ಅಂಗಡಿಗೆ ಬಂದು ಗಾಜಿನ ಬೀರುವಿನ ಮುಂದೆ ನಿಂತ.

"ಜಿಂಕೆ ಕಾಲ ಮುಗಿದು ನಾಲ್ಕು ತಿಂಗಳಾಯ್ತಲ್ಲೋ, ಈಗ್ಯಾಕೋ ನಿಂಗೆ ಬಂದೂಕು?" ಎಂದು ಲಿಯೋನಾ ರೇಗಿಸಿದಳು. "ಮನೇಲಿ ಐದಿಲ್ವಾ?"

"ಈಗಾದ್ರೆ ಅಗ್ಗಕ್ಕೆ ಕೊಡ್ತೀಯ ಅಂತ ಬಂದೆ ಕಣೇ," ಎಂದು ವೆಂಡೆಲ್ ನಕ್ಕ.

ಫಾರಂ ತುಂಬಿದ. ಫೋನಿನಲ್ಲಿ ಸರ್ಕಾರದ ಕಚೇರಿಯ ವಿಚಾರಣೆ ಎಂಟು ನಿಮಿಷದಲ್ಲಿ ಮುಗಿಯಿತು, ಅವನ ಮೇಲೆ ಕೇಸು ಗೀಸು ಇಲ್ಲ, ಕೊಡಬಹುದು ಎಂದು ಬಂತು. ಆ ಎಂಟು ನಿಮಿಷ ಇಬ್ಬರೂ ಒಲೆಯ ಪಕ್ಕ ನಿಂತು ಕೆಸರನ್ನು ಬೈದರು. ಹೋಗುವಾಗ ಲಿಯೋನಾ ಅವನ ಕೈಗೆ ಒಂದು ಡಬ್ಬಿ ತೋಟಾ ಪುಕ್ಕಟೆಯಾಗಿ ಇಟ್ಟಳು, ಹಳೇ ಗಿರಾಕಿ ಎಂದು. ಅದನ್ನು ಅವಳು ಇವತ್ತಿಗೂ ಮರೆತಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಕುಡಿಯಲು ಹೋದ ಗೇಲನ್‌ಗೆ ತಮ್ಮ ಸಿಕ್ಕಿದ್ದು ಕೊಟ್ಟಿಗೆಯಲ್ಲಿ.

ಮಣ್ಣು ಮಾಡಿದ ಮಾರನೆಯ ದಿನ ಗೇಲನ್ ಅಂಗಡಿಗೆ ಬಂದ. ಬೇರೆ ಯಾರೂ ಇರಲಿಲ್ಲ.

"ನೀನೇ ಕೊಟ್ಯಾ?"

"ನಾನೇ ಕೊಟ್ಟೆ. ಮನೇಲಿ ಐದಿದೆ, ಆರನೇದ್ಯಾಕೆ ಅಂತಾನೂ ಕೇಳ್ದೆ ಗೇಲನ್. ನಕ್ಕ."

"ಆ ಐದೂ ಮೂರು ವಾರದಿಂದ ನನ್ನ ಮನೇಲಿದ್ವು."

ಲಿಯೋನಾ ಕೌಂಟರಿನ ಅಂಚು ಹಿಡಿದುಕೊಂಡಳು. "ನಂಗೆ ಯಾಕೋ ಹೇಳ್ಲಿಲ್ಲ? ಒಂದು ಮಾತು. ಒಂದೇ ಒಂದು ಮಾತು ಹೇಳಿದ್ರೆ..."

"ಮನೆ ವಿಷಯ ಲಿಯೋನಾ. ಯಾರ್ ಹೇಳ್ತಾರೆ?" ಎಂದ ಗೇಲನ್. ಆಮೇಲೆ, "ಅಮ್ಮಂಗೆ ಗೊತ್ತಿಲ್ಲ. ಅವನು ಅಷ್ಟು ವಾರದಿಂದ ಹಂಗಿದ್ದ ಅನ್ನೋದೂ ಗೊತ್ತಿಲ್ಲ, ನಂಗೆ ಗೊತ್ತಿತ್ತು ಅನ್ನೋದೂ ಗೊತ್ತಿಲ್ಲ. ನಿನ್ನಲ್ಲೇ ಇರ್ಲಿ," ಎಂದು ಟೋಪಿ ಹಾಕಿಕೊಂಡು ಹೋದ.

ಅವತ್ತೇ ಲಿಯೋನಾ ಬೀರುವಿನಲ್ಲಿದ್ದ ಬಂದೂಕುಗಳನ್ನೆಲ್ಲ ಸಗಟು ವ್ಯಾಪಾರಿಗೆ ವಾಪಸು ಕಳಿಸಿದಳು. ಅಲ್ಲಿ ಈಗ ಉಣ್ಣೆಯ ಕೈಗವಸು ಇವೆ.

ಮರುವರ್ಷದ ಅಧಿವೇಶನದಲ್ಲಿ ಅವಳು ಆ ಮಸೂದೆ ತಂದಳು. ಬಂದೂಕು ಕೊಂಡವರಿಗೆ ಅದು ಕೈಗೆ ಸಿಗುವುದು ಮೂರು ದಿನ ಬಿಟ್ಟು, ಅಷ್ಟೇ. ಯಾರದನ್ನೂ ಕಿತ್ತುಕೊಳ್ಳುವ ಮಾತಿಲ್ಲ. ಒಲೆಯ ಸುತ್ತ ಕೂರುವವರು ಗೊಣಗಿದರು, ತಮಾಷೆ ಮಾಡಿದರು, ಮೂರು ದಿನದ ಹಳೇ ಬ್ರೆಡ್ಡು ಮಾರೋಳು ಈಗ ಬಂದೂಕನ್ನೂ ಹಳಸಿ ಕೊಡ್ತಾಳೆ ಎಂದರು. ಕಾಲು ಕೆರೆದು ಜಗಳಕ್ಕೆ ಬಂದವರು ಯಾರೂ ಇಲ್ಲ.

ಚರ್ಚೆಯ ದಿನ ಅವಳು ಬರೆದುಕೊಂಡು ಹೋಗಿದ್ದ ಭಾಷಣದಲ್ಲಿ ವೆಂಡೆಲ್ ಇದ್ದ, ಹೆಸರಿಲ್ಲದೆ. ಗೇಲನ್ ಇರಲೇ ಇಲ್ಲ. ಓದಿ ಮುಗಿಸಿ ಕೂತಳು. ಆಗ ಎದುರು ಸಾಲಿನಿಂದ ಕರಾವಳಿಯ ಕಡೆಯ ಸದಸ್ಯನೊಬ್ಬ ಎದ್ದ. ಮಾತಿನ ಮಲ್ಲ. "ನಮ್ಮ ಗೌರವಾನ್ವಿತ ಸದಸ್ಯೆಯ ದುಃಖ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ರಾಜ್ಯದಲ್ಲಿ ಬಂದೂಕಿಲ್ಲದ ಮನೆ ಎಲ್ಲಿದೆ? ಆ ಮನುಷ್ಯನ ಮನೆಯಲ್ಲಿ ಇನ್ನೂ ನಾಲ್ಕು ಇದ್ದಿರಬೇಕು. ಮೂರು ದಿನ ಕಾಯಿಸಿದ್ದರೆ ಏನಾಗುತ್ತಿತ್ತು? ಗೋಡೆಯ ಮೇಲಿಂದ ಇನ್ನೊಂದನ್ನು ಇಳಿಸುತ್ತಿದ್ದ, ಅಷ್ಟೇ ತಾನೇ?" ಸಭೆಯಲ್ಲಿ ಕೆಲವರು ತಲೆದೂಗಿದರು. ಮಸೂದೆ ತನ್ನ ಕಣ್ಣೆದುರೇ ಮುಳುಗುತ್ತಿರುವುದು ಲಿಯೋನಾಗೆ ಕಂಡಿತು. ಅವಳ ಪಕ್ಕದ ಕುರ್ಚಿಯ ಟಬಿತಾ ರಾಯ್ ಎಂಬ ಹೊಸ ಸದಸ್ಯೆ, ನದಿ ದಂಡೆಯ ಗಿರಣಿ ಊರಿನವಳು, ಪೆನ್ನು ಕೆಳಗಿಟ್ಟುಬಿಟ್ಟಳು.

ಲಿಯೋನಾ ಮತ್ತೆ ಎದ್ದು ನಿಂತಳು. ಕೈಯಲ್ಲಿ ಕಾಗದವಿರಲಿಲ್ಲ.

"ಇರಲಿಲ್ಲ," ಎಂದಳು. "ಅವನ ಮನೇಲಿ ಒಂದೂ ಇರಲಿಲ್ಲ. ಅವನ ಅಣ್ಣ ಮೂರು ವಾರ ಮೊದಲೇ ಐದನ್ನೂ ಎತ್ಕೊಂಡು ಹೋಗಿ ತನ್ನ ಮನೇಲಿ ಬಚ್ಚಿಟ್ಟಿದ್ದ. ಅಣ್ಣ ಮಾಡಬೇಕಾದ್ದೆಲ್ಲ ಮಾಡಿದ್ದ. ನಂಗೊಂದು ಮಾತು ಹೇಳಿರಲಿಲ್ಲ, ಅಷ್ಟೇ. ನಾನು ಎಂಟು ನಿಮಿಷದಲ್ಲಿ ಕೊಟ್ಟೆ."

ಮಸೂದೆ ಎರಡು ಮತದಿಂದ ಗೆದ್ದಿತು. ಅದರಲ್ಲೊಂದು ಟಬಿತಾಳದು, ಅವಳು ಅಳುತ್ತಲೇ ಗುಂಡಿ ಒತ್ತಿದಳು.

ಆ ಮಾತು ಸಂಜೆಯ ರೇಡಿಯೋದಲ್ಲಿ ಬಂತು. ವರ್ನಾ ಹಸ್ಕಿನ್ಸ್ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ರೇಡಿಯೋ ಕೇಳುತ್ತಿದ್ದಳು. ಹೆಸರು ಹೇಳಿರಲಿಲ್ಲ ನಿಜ. ಆದರೆ ಲಿಯೋನಾ ಪೆಲ್ಕಿಯ ಧ್ವನಿ, ಮೂರು ವಾರ, ಒಬ್ಬ ಅಣ್ಣ, ಐದು ಬಂದೂಕು. ತಾಯಿಗೆ ಇನ್ನೇನು ಬೇಕು? ಚಿಕ್ಕ ಮಗ ವಾರಗಟ್ಟಲೆ ಆ ಸ್ಥಿತಿಯಲ್ಲಿದ್ದದ್ದು, ದೊಡ್ಡ ಮಗನಿಗೆ ಅದು ಗೊತ್ತಿದ್ದದ್ದು, ತನಗೆ ಹೇಳದೆ ಮುಚ್ಚಿಟ್ಟದ್ದು, ಎಲ್ಲ ಒಂದೇ ಉಸಿರಿನಲ್ಲಿ ಅವಳ ಮೇಲೆ ಬಿತ್ತು. ಅವತ್ತಿನಿಂದ ವರ್ನಾ ಗೇಲನ್ ಜೊತೆ ಮಾತು ಬಿಟ್ಟಳು. ಅವನು ಭಾನುವಾರ ಸೌದೆ ತಂದು ಹಾಕುತ್ತಾನೆ, ಅವಳು ಕಿಟಕಿಯ ಪರದೆ ಎಳೆಯುತ್ತಾಳೆ.

ಲಿಯೋನಾ ಮೂರು ಸಲ ಗೇಲನ್ ಮನೆಗೆ ಹೋದಳು. ಮೊದಲೆರಡು ಸಲ ಬಾಗಿಲು ತೆಗೆಯಲಿಲ್ಲ. ಮೂರನೆಯ ಸಲ ತೆಗೆದು, "ತಪ್ಪಾಯ್ತು ಗೇಲನ್, ಬಾಯಿಗೆ ಬಂದ್ಬಿಡ್ತು" ಎಂಬ ಮಾತನ್ನು ಪೂರ್ತಿ ಕೇಳಿಸಿಕೊಂಡು, "ಸರಿ" ಎಂದು ಬಾಗಿಲು ಹಾಕಿದ. ಅವನು ಬೈದಿದ್ದರೆ ಚೆನ್ನಾಗಿತ್ತು. ಅವಳಿಗೆ ಆ 'ಸರಿ' ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

ಬೇಸಿಗೆ ಕಳೆಯಿತು, ಚುನಾವಣೆ ಬಂತು. ಎದುರು ನಿಂತವನು ಸೌದೆ ವ್ಯಾಪಾರಿ, ಒಳ್ಳೆಯವನೇ, ಭಾಷಣ ಮಾಡಲು ಬಾರದವನು. ಹೊರಗಿನಿಂದ ಯಾರೋ ಅಚ್ಚು ಹಾಕಿಸಿ ಕಳಿಸಿದ ಕರಪತ್ರದಲ್ಲಿ ಲಿಯೋನಾಳ ಮುಖ, ಕೆಳಗೆ 'ನಿಮ್ಮ ಬಂದೂಕಿಗೆ ಕೈ ಹಾಕಿದವಳು' ಎಂದಿತ್ತು. ನಮ್ಮೂರಿನವರು ಅದನ್ನು ಒಲೆ ಹೊತ್ತಿಸಲು ಬಳಸಿದರು. ಲಿಯೋನಾಗೆ ಭಯವಿದ್ದದ್ದು ಕರಪತ್ರದ್ದಲ್ಲ, ಜಿಂಕೆಯದು.

ನವೆಂಬರಿನ ಮೊದಲ ಶನಿವಾರ ಜಿಂಕೆ ಬೇಟೆ ಶುರು, ಆಮೇಲಿನ ಮಂಗಳವಾರ ಮತದಾನ. ಹೊಡೆದ ಜಿಂಕೆಯನ್ನು ಅಂಗಡಿಗೆ ತಂದು ತೂಗಿಸಿ, ಅದರ ಕಾಲಿಗೆ ಸರ್ಕಾರದ ಮುದ್ರೆಪಟ್ಟಿ ಕಟ್ಟಿಸಿಕೊಂಡು ಹೋಗಬೇಕು. ಆ ಪಟ್ಟಿ ಕಟ್ಟುವ ಹಕ್ಕು ಲಿಯೋನಾಳ ಅಂಗಡಿಗಿದೆ. ಹದಿನಾಲ್ಕು ಮೈಲಿ ಆಚೆ ಇನ್ನೊಂದು ಅಂಗಡಿಗೂ ಇದೆ. ಬಾಗಿಲ ಪಕ್ಕದ ಕಪ್ಪುಹಲಗೆಯ ಮೇಲೆ ಯಾರದು, ಎಷ್ಟು ಪೌಂಡು ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಾಳೆ. ಊರು ತನ್ನನ್ನು ಬಿಟ್ಟಿದ್ದರೆ ಈ ಹಲಗೆಯೇ ಹೇಳುತ್ತದೆ, ಖಾಲಿ ಉಳಿಯುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ಬೆಳಿಗ್ಗೆ ಅವರೆಕಾಳಿನಂಥ ದಪ್ಪ ಬೀನ್ಸ್ ಬೇಯಿಸಿ, ಕಾಫಿ ಇಟ್ಟು, ಕಿಟಕಿಯ ಹತ್ತಿರ ನಿಂತಳು.

ಒಂಬತ್ತಕ್ಕೆ ಮೊದಲ ಟ್ರಕ್ಕು ಬಂತು. ಆಮೇಲೆ ಸಾಲು. ಬೇಟೆಗಾರರ ಕಿತ್ತಳೆ ಬಣ್ಣದ ಟೋಪಿಗಳು ಬಾಗಿಲಲ್ಲಿ ನುಗ್ಗಿದವು. ಬೀನ್ಸ್ ತಿಂದರು, ಒಬ್ಬರ ಜಿಂಕೆಯನ್ನು ಒಬ್ಬರು ಆಡಿಕೊಂಡರು. ಮಧ್ಯಾಹ್ನ ಎರಡರ ಹೊತ್ತಿಗೆ ಗೇಲನ್ ಬಂದ. ಅವನು ಲೈಸೆನ್ಸ್ ಕೊಟ್ಟ, ಅವಳು ಪಟ್ಟಿ ಕಟ್ಟಿದಳು. "ನೂರ ಎಂಬತ್ತೆರಡು," ಎಂದಳು. "ಬರ್ಕೋ," ಎಂದ. ಹಲಗೆಯ ಮೇಲೆ ಗೇಲನ್ ಹಸ್ಕಿನ್ಸ್ ಎಂದು ಬರೆದಳು. ಸಂಜೆಗೆ ಹಲಗೆ ತುಂಬಿ, ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿ ಬರೆಯಬೇಕಾಯಿತು. ಊರು ತನ್ನನ್ನು ಕ್ಷಮಿಸಿತು ಎಂದು ಅವಳು ನಂಬಿದಳು. ಆ ಎರಡು ದಿನ ಅವಳು ಸಂತೋಷವಾಗಿದ್ದಳು, ಪಾಪ.

ಮಂಗಳವಾರ ಸೋತಳು. ಬೇರೆ ಹಳ್ಳಿಗಳಲ್ಲಿ ಹೆಚ್ಚುಕಡಿಮೆ ಸಮಸಮ ಇತ್ತು. ಮುಳುಗಿಸಿದ್ದು ಆಲ್ಡರ್ ಮಿಲ್ಸ್. ತನ್ನೂರಿನಲ್ಲೇ ಮೂರರಲ್ಲಿ ಒಂದು ಪಾಲೂ ಅವಳಿಗೆ ಬರಲಿಲ್ಲ.

ಮರುದಿನ ಒಲೆಯ ಪಕ್ಕ ಎಂದಿನಂತೆ ಮುದುಕ ಎಮರಿ ಕೂತಿದ್ದ. ಎಂಬತ್ತು ವರ್ಷ, ಅವಳ ಅಪ್ಪನ ಗೆಳೆಯ. ಅವಳು ಅವನ ಲೋಟಕ್ಕೆ ಕಾಫಿ ಬಗ್ಗಿಸಿ, "ನೀನೂ ಹಾಕ್ಲಿಲ್ವಾ?" ಎಂದು ಕೇಳಿಯೇಬಿಟ್ಟಳು.

"ಇಲ್ಲ ಮಗಳೇ."

"ಅಷ್ಟು ಕೆಟ್ಟದಾ ಆ ಕಾನೂನು?"

"ಕಾನೂನಿಗೇನಾಗಿದೆ? ಮೂರಲ್ಲ, ಮೂವತ್ತು ದಿನ ಮಾಡಿದ್ರೂ ನಂಗೇನಿಲ್ಲ. ಬಂದೂಕಿಗೆ ಅವಸರ ಯಾರಿಗಿರುತ್ತೆ, ಹೇಳು." ಎಮರಿ ಲೋಟದೊಳಗೆ ನೋಡಿದ. "ನನ್ ಹೆಂಡ್ತಿ ಕೊನೆಗಾಲದಲ್ಲಿ ಹೆಂಗಿದ್ಲು, ನನ್ನ ಏನೇನಂತಿದ್ಲು, ಅದನ್ನ ನಿಂಗೊಬ್ಳಿಗೇ ಹೇಳಿರೋದು. ನನ್ ಮಕ್ಳಿಗೂ ಹೇಳಿಲ್ಲ. ವರ್ನಾ ರೇಡಿಯೋದಲ್ಲಿ ಕೇಳಿದ ದಿನ ನಂಗೆ ನಿದ್ದೆ ಬರ್ಲಿಲ್ಲ ಕಣಮ್ಮ. ಊರಲ್ಲಿ ಸುಮಾರು ಜನಕ್ಕೆ ಬಂದಿರಲ್ಲ. ನಿನ್ನ ಅಲ್ಲಿಗೆ ಕಳಿಸಿದ್ರೆ ಮುಂದಿನ ಸಲ ಯಾರ ಮನೇದು ಬರುತ್ತೋ, ಯಾರಿಗ್ಗೊತ್ತು? ಇಲ್ಲೇ ಇರ್ಲಿ ಅಂದ್ಕೊಂಡ್ವಿ."

"ಮತ್ತೆ ಶನಿವಾರ ಎಲ್ರೂ ಬಂದ್ರಲ್ಲ ಎಮರಿ. ಗೇಲನ್ನೂ ಬಂದ."

ಎಮರಿ ಆಶ್ಚರ್ಯದಿಂದ ತಲೆಯೆತ್ತಿದ. "ಜಿಂಕೇನ ಇನ್ನೆಲ್ಲಿಗೆ ತಗೊಂಡ್ ಹೋಗ್ಬೇಕಿತ್ತು? ಅಂಗಡಿ ಬೇರೆ, ಅಗಸ್ಟಾ ಬೇರೆ. ನಿನ್ ಮೇಲೆ ಕೋಪ ಯಾರಿಗಿದೆ?"

ಅವಳು ಒಳಗೆ ಹೋಗಿ ಹಿಟ್ಟಿನ ಚೀಲಗಳ ಮಧ್ಯೆ ನಿಂತು ಅತ್ತಳು. ಕೋಪವಾಗಿದ್ದರೆ ಇಳಿಯುವ ದಿನಕ್ಕೆ ಕಾಯಬಹುದಿತ್ತು. ಇದು ಇಳಿಯುವಂಥದ್ದಲ್ಲ.

ಎರಡು ದಿನ ಬಿಟ್ಟು ಪತ್ರಿಕೆಯವನು ಬಂದ. ನಯವಾದ ಬೂಟು, ಕೆಸರಿನಲ್ಲಿ ಪಾಪ ನೆನೆದುಹೋಗಿತ್ತು. ಬೇಟೆಯವರ ಊರಿನಲ್ಲಿ ಬಂದೂಕು ಕಾನೂನು ತಂದು ಸೋತ ಹೆಂಗಸು, ಅವನಿಗೆ ಬೇಕಾದದ್ದು ಅಷ್ಟೇ.

"ನೀವೇ ಹೇಳಿ ಮೇಡಂ. ಆ ಮತದಿಂದಲೇ ಸೋತ್ರಾ?"

"ಅಲ್ಲ," ಎಂದು ಅವಳ ಬಾಯಿಗೆ ಬಂದೇಬಿಟ್ಟಿತ್ತು. ಅಂದರೆ ಅವನು ಮುಂದೆ ಕೇಳುವುದು ಗೊತ್ತೇ ಇತ್ತು, ಮತ್ಯಾಕೆ ಎಂದು. ಆಗ ಮತ್ತೆ ಗೇಲನ್, ಮತ್ತೆ ವರ್ನಾ, ಮತ್ತೆ ಐದು ಬಂದೂಕು, ಈ ಸಲ ಅಚ್ಚಿನಲ್ಲಿ, ಹೆಸರು ಹುಡುಕಿಕೊಂಡು ಹೋಗುವ ಮನುಷ್ಯನ ಕೈಯಲ್ಲಿ. ಅವನ ಹೆಗಲ ಹಿಂದೆ ಕಪ್ಪುಹಲಗೆ ಕಾಣುತ್ತಿತ್ತು. ಗೇಲನ್ ಹಸ್ಕಿನ್ಸ್, ನೂರ ಎಂಬತ್ತೆರಡು.

"ಹೌದು," ಎಂದಳು. "ಬಂದೂಕೇ. ಇನ್ನೇನಿರುತ್ತೆ?"

ಅವನು ಖುಷಿಯಿಂದ ಬರೆದುಕೊಂಡ. ಬೂಟು ಒರೆಸಿಕೊಳ್ಳಲು ಬಟ್ಟೆ ಕೊಟ್ಟು ಕಳಿಸಿದಳು. ಒಮ್ಮೆ ಬಾಯಿ ಬಿಟ್ಟು ಮಾಡಿದ್ದನ್ನು ಈ ಸಲ ಮುಚ್ಚಿಕೊಂಡು ಸ್ವಲ್ಪವಾದರೂ ತೀರಿಸಿದೆ ಎಂದುಕೊಂಡಳು. ಅವಳ ಲೆಕ್ಕದಲ್ಲಿ ಅದು ಸರಿಯೇ ಇತ್ತು.

ಆದರೆ ಆ ಒಂದು ಮಾತು ಅವಳ ಅಂಗಡಿಯಲ್ಲಿ ನಿಲ್ಲಲಿಲ್ಲ. ಟಿವಿಯಲ್ಲಿ ಪಂಡಿತರು ಅದನ್ನು ಆಡಿದರು. ಅವಳೇ ಒಪ್ಪಿಕೊಂಡಿದ್ದಾಳೆ, ನೋಡಿ ಎಂದರು. ಹೊಸ ಸಭೆ ಸೇರಿದ ಮೂರನೇ ತಿಂಗಳಿಗೆ ಮೂರು ದಿನದ ಕಾನೂನನ್ನು ರದ್ದು ಮಾಡುವ ಮಸೂದೆ ಬಂತು. ಮತದಾನದ ಹಿಂದಿನ ಮಧ್ಯಾಹ್ನ ಅಂಗಡಿಯ ಫೋನು ಬಡಿದುಕೊಂಡಿತು. ಟಬಿತಾ ರಾಯ್.

"ಲಿಯೋನಾ, ಒಂದೇ ಒಂದು ಪ್ರಶ್ನೆ, ನಿಜ ಹೇಳಿ. ನೀವು ಆ ವೋಟಿಂದಲೇ ಸೋತ್ರಾ? ಯಾಕಂದ್ರೆ ನಮ್ಮ ಕಡೆ ಐದಾರು ಜನ ನಿಮ್ಮ ಹೆಸರೇ ಹಿಡ್ಕೊಂಡು ಕೂತಿದಾರೆ. ಲಿಯೋನಾಗೆ ಆದದ್ದು ನಂಗ್ಯಾಕೆ ಆಗ್ಬೇಕು ಅಂತಾರೆ. ನಾನು ಗೆದ್ದಿದ್ದು ನಲವತ್ತು ವೋಟಲ್ಲಿ. ಬೇರೆ ಏನಾದ್ರೂ ಕಾರಣ ಇದ್ರೆ ಹೇಳಿ, ನಾನು ಅವರಿಗೆ ಹೇಳ್ತೀನಿ."

ಒಲೆಯ ಪಕ್ಕ ಎಮರಿ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆಯಲ್ಲ ಎಂದು ಅವಳಿಗೆ ಗೊತ್ತಿತ್ತು. ಕಿಟಕಿಯಾಚೆ ಗೇಲನ್‌ನ ಲಾರಿ ಹಿಮ ತಳ್ಳಿಕೊಂಡು ಹೋಯಿತು. ಇವಳು ಹೇಳಿದರೆ ಟಬಿತಾ ಹೇಳುತ್ತಾಳೆ, ಟಬಿತಾ ಹೇಳಿದರೆ ಐದಾರು ಜನ, ಐದಾರು ಜನ ಹೇಳಿದರೆ ರೇಡಿಯೋ. ವರ್ನಾಗೆ ಈಗ ಎಂಬತ್ತಾರು. ಪರದೆ ಎಳೆದರೂ ಕಿಟಕಿಯ ಆಚೆ ಮಗ ಇದ್ದಾನೆ ಎಂಬಷ್ಟಾದರೂ ಉಳಿದಿತ್ತು.

"ಪತ್ರಿಕೆಲಿ ಬಂದಿದೆಯಲ್ಲಮ್ಮ," ಎಂದಳು ಲಿಯೋನಾ.

"ಹಾಗಾದ್ರೆ ನಿಜಾನೇ."

"ನೀನು ನಿನಗೆ ಸರಿ ಕಂಡಂಗೆ ಮಾಡು."

"ಸರಿ ಕಂಡಿದ್ದು ಮಾಡೋಕೆ ಅಲ್ಲಿ ಇರ್ಬೇಕಲ್ಲ ಲಿಯೋನಾ," ಎಂದಳು ಟಬಿತಾ, ಅಳು ತಡೆದುಕೊಂಡು. ಫೋನಿಟ್ಟಳು.

ರದ್ದಾಯಿತು, ಒಂದು ಮತದಿಂದ. ರಾಜ್ಯದಲ್ಲಿ ಬಂದೂಕು ಮತ್ತೆ ಎಂಟು ಹತ್ತು ನಿಮಿಷಕ್ಕೆ ಸಿಗುವಂತಾಯಿತು. ಲಿಯೋನಾ ಆ ಸುದ್ದಿ ಕೇಳಿ ಕೈಗವಸಿನ ಬೀರುವಿನ ಗಾಜನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ತಾನು ಮಾಡಿದ ಕಾನೂನನ್ನು ತಾನೇ ಕೊಂದೆ ಎಂದು ಅವಳಿಗನ್ನಿಸಿತು. ಯಾರಿಗೆ ಹೇಳುವುದು? ಊರಿನ ಮಾತನ್ನೆಲ್ಲ ಕೇಳಿಸಿಕೊಳ್ಳುವವಳ ಮಾತು ಕೇಳಲು ಊರಿನಲ್ಲಿ ಇನ್ನೊಂದು ಕೌಂಟರಿಲ್ಲ.

ಆ ವರ್ಷದ ಅಕ್ಟೋಬರ್, ಒಂದು ಶುಕ್ರವಾರದ ಬೆಳಿಗ್ಗೆ, ಗೇಲನ್ ಅಂಗಡಿಗೆ ಬಂದ. ಹಾಲು ತೆಗೆದುಕೊಳ್ಳಲಿಲ್ಲ, ಬ್ರೆಡ್ಡೂ ತೆಗೆದುಕೊಳ್ಳಲಿಲ್ಲ. ನೇರ ಬಂದು ಕೌಂಟರಿನ ಮೇಲೆ ಮೊಣಕೈ ಊರಿದ. ಎರಡೂವರೆ ವರ್ಷದಲ್ಲಿ ಮೊದಲ ಸಲ.

"ಕರ್ಟಿಸ್ ಇದಾನಲ್ಲ, ನನ್ ಜೊತೆ ಲಾರಿ ಓಡಿಸೋನು," ಎಂದ, ತಗ್ಗಿದ ದನಿಯಲ್ಲಿ. "ಹೆಂಡ್ತಿ ಸತ್ತಾಗಿಂದ ಸರಿ ಇಲ್ಲ. ಹೋದ ವಾರ ಅವನವು ನಾಲ್ಕನ್ನೂ ಎಣ್ಣೆ ಹಾಕಕ್ಕೆ ತಂದಿಟ್ಕೊಂಡೆ."

ಲಿಯೋನಾ ಕೈಗವಸಿನ ಬೀರುವಿನ ಕಡೆ ನೋಡಿದಳು. "ನಾನೀಗ ಮಾರಲ್ಲ ಗೇಲನ್. ನಿಂಗೆ ಗೊತ್ತಲ್ಲ."

"ಗೊತ್ತು. ಆದ್ರೂ ಯಾರಿಗಾದ್ರೂ ಹೇಳ್ಬೇಕಲ್ಲ. ಹೋದ ಸಲ ಹೇಳ್ಲಿಲ್ಲ." ಅವನು ಟೋಪಿ ತೆಗೆದು ಕೈಯಲ್ಲಿ ತಿರುವಿದ. "ಬೆಳಿಗ್ಗೆ ಅವನ ಮನೆಗೆ ಹೋದೆ. ಒಳಗೆ ಬಿಡ್ಲಿಲ್ಲ. ಬಾಗ್ಲಲ್ಲೇ ನಿಂತು, ಹೆದ್ದಾರಿ ದೊಡ್ಡ ಅಂಗಡಿ ಎಷ್ಟು ಗಂಟೆಗೆ ತೆಗೀತಾರೆ ಅಂತ ಕೇಳ್ದ. ಯಾಕೆ ಅಂದ್ರೆ ಬೂಟು ಬೇಕು ಅಂದ. ಅವನ ಕಾಲಲ್ಲಿ ಹೊಸ ಬೂಟಿತ್ತು."

ಲಿಯೋನಾ ಆಗಲೇ ಫೋನು ಎತ್ತಿದ್ದಳು. ಬೂಟಿನಿಂದ ಬಂದೂಕಿನವರೆಗೆ ಎಲ್ಲ ಮಾರುವ ಆ ದೊಡ್ಡ ಅಂಗಡಿಯಲ್ಲಿ ಯಾವುದೋ ಹೆಣ್ಣುಮಗಳು ಎಲ್ಲವನ್ನೂ ವಿನಯದಿಂದ ಕೇಳಿಸಿಕೊಂಡು, ಅಂಥದ್ದನ್ನು ತೀರ್ಮಾನಿಸುವವರು ಮ್ಯಾನೇಜರು, ಅವರು ಸೋಮವಾರ ಬರುತ್ತಾರೆ ಎಂದಳು.

"ಅಲ್ಲಿ ಎಷ್ಟು ಹೊತ್ತಲ್ಲಿ ಕೊಡ್ತಾರೆ?" ಎಂದ ಗೇಲನ್.

"ಹತ್ತು ನಿಮಿಷ."

"ಮೊದ್ಲು ಮೂರು ದಿನ ಇತ್ತಲ್ಲ."

"ಇತ್ತು."

ಲಿಯೋನಾ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ, ಎಮರಿಯ ಕಡೆ ತಿರುಗಿ, "ಅಂಗಡಿ ನೋಡ್ಕೋ, ಬರ್ತೀನಿ" ಎಂದಳು. ಎಲ್ಲಿಗೆ ಎಂದು ಎಮರಿ ಕೇಳಲಿಲ್ಲ. ಎದ್ದು ಬಂದು ಕೌಂಟರಿನ ಹಿಂದೆ ನಿಂತ, ಎಂಬತ್ತರ ಮುದುಕ, ಗಲ್ಲಾಪೆಟ್ಟಿಗೆಯ ಕೀಲಿ ಎಲ್ಲಿದೆ ಎಂದು ಕೂಡ ಕೇಳಲಿಲ್ಲ.

ದೊಡ್ಡ ಅಂಗಡಿಯ ಮುಂದಿನ ಬಯಲಿನಲ್ಲಿ, ಒಳಗೆ ಬರುವ ದಾರಿಗೆ ಮುಖ ಮಾಡಿ ಗೇಲನ್ ಟ್ರಕ್ಕು ನಿಲ್ಲಿಸಿದ. ಲಿಯೋನಾ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಳು. ಆಕಾಶ ಕವಿದಿತ್ತು, ಹಿಮವೂ ಅಲ್ಲದ ಮಳೆಯೂ ಅಲ್ಲದ ಏನೋ ಗಾಜಿನ ಮೇಲೆ ಬೀಳುತ್ತಿತ್ತು.

"ಪತ್ರಿಕೆಯವನಿಗೆ ಬಂದೂಕಿಂದಲೇ ಸೋತೆ ಅಂದ್ಯಂತೆ," ಎಂದ ಗೇಲನ್, ದಾರಿಯ ಮೇಲಿನ ಕಣ್ಣು ತೆಗೆಯದೆ.

"ಅಂದೆ."

"ಸುಳ್ಳು ಅಲ್ವಾ ಅದು?"

"ಸುಳ್ಳು."

"ಅದ್ರಿಂದ್ಲೇ ಅಂತೆ ಅಲ್ವಾ, ಕಾನೂನು ತೆಗೆದಿದ್ದು?"

ಲಿಯೋನಾ ಕಾಫಿ ತುಂಬಿದ ಫ್ಲಾಸ್ಕಿನ ಮುಚ್ಚಳವನ್ನು ಅವನ ಕಡೆ ಚಾಚಿದಳು. ಅವನು ತೆಗೆದುಕೊಂಡು, ಕುಡಿಯದೆ ಹಿಡಿದುಕೊಂಡೇ ಕೂತ. ಅವನ ಕಣ್ಣು ಒದ್ದೆಯಾಗಿದ್ದವು.

"ನನ್ ವಿಷಯ ಹೇಳ್ಬಿಡ್ಬೇಕಿತ್ತು ಕಣೇ ನೀನು," ಎಂದ. "ಎರಡನೇ ಸಲಾನೂ ಹೇಳ್ಬಿಡ್ಬೇಕಿತ್ತು."

ಹನ್ನೊಂದರ ಹೊತ್ತಿಗೆ ಕರ್ಟಿಸ್‌ನ ನೀಲಿ ಟ್ರಕ್ಕು ಹೆದ್ದಾರಿಯಿಂದ ತಿರುಗಿ ಒಳಗೆ ಬಂತು. ಗೇಲನ್ ಕಾಫಿಯನ್ನು ಅವಳ ಕೈಗಿತ್ತು ಇಳಿದ. ಜೇಬಿನಲ್ಲಿ ಕೈಯಿಟ್ಟುಕೊಂಡು, ಅವಸರವಿಲ್ಲದವನಂತೆ, ಬಯಲು ದಾಟಿ ಹೋಗಿ ಆ ಟ್ರಕ್ಕಿನ ಕಿಟಕಿಯ ಮೇಲೆ ಬೆರಳಿನಿಂದ ತಟ್ಟಿದ. ಬಹಳ ಹೊತ್ತಿನವರೆಗೆ ಗಾಜು ಇಳಿಯಲಿಲ್ಲ. ಆಮೇಲೆ ಇಳಿಯಿತು. ಇಬ್ಬರೂ ಏನು ಮಾತಾಡಿದರೋ ಲಿಯೋನಾಗೆ ಕೇಳಿಸಲಿಲ್ಲ. ನೀಲಿ ಟ್ರಕ್ಕು ಹಿಂದಕ್ಕೆ ತಿರುಗಿ ಊರಿನ ದಾರಿ ಹಿಡಿಯಿತು, ಗೇಲನ್ ಅದರಲ್ಲೇ ಹತ್ತಿ ಕೂತಿದ್ದ. ಲಿಯೋನಾ ಸ್ಟಿಯರಿಂಗಿನ ಹಿಂದಕ್ಕೆ ಸರಿದು, ಅವರ ಹಿಂದೆಯೇ ಹೊರಟಳು.

ಆವತ್ತು ಶುಕ್ರವಾರ. ದೊಡ್ಡ ಅಂಗಡಿ ಶನಿವಾರವೂ ತೆರೆದಿರುತ್ತದೆ, ಭಾನುವಾರವೂ.